ಶೇಪರಿಗೆ ನಾಲ್ಕು ಹನಿ ಎಣ್ಣೆ

ಪ್ರತಿಯೊಬ್ಬ ಮನುಷ್ಯನಿಗೂ ತಡೆದುಕೊಳ್ಳಲಾಗದ್ದು ಒಂದಾದರೂ ಇರುತ್ತದೆ. ಕೆಲವರಿಗೆ ಬೆಕ್ಕು, ಕೆಲವರಿಗೆ ಹಾಗಲಕಾಯಿ, ನಮ್ಮ ಓಣಿಯ ನಿವೃತ್ತ ಹೆಡ್‌ಮಾಸ್ತರರಿಗೆ ಅವರ ಪೇಪರನ್ನು ಅವರಿಗಿಂತ ಮೊದಲು ಓದಿದವರು. ನನಗೆ ಕೀರಲು ದನಿ. ಕೂಸುಗಳದ್ದಾದರೆ ಅಡ್ಡಿಯಿಲ್ಲ, ಕಬ್ಬಿಣದ್ದು ಆಗುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಒಣದಾಗಿ ಉಜ್ಜಿ 'ಕಿರ್ರ್' ಎಂದಿತೋ, ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಎದುರಿಗಿದ್ದವರ ಮಾತು ತಲೆಗೆ ಹೋಗುವುದಿಲ್ಲ. ಹುಬ್ಬಳ್ಳಿ ಪಕ್ಕದ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವನು ನಾನು. ಕೆಟ್ಟ ಮಶೀನು ರಿಪೇರಿ ಮಾಡುವುದು, ಕೆಡದ ಮಶೀನು ಕೆಡದಂತೆ ನೋಡಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಓಡುತ್ತಿರುವ ಅಷ್ಟೂ ಮಶೀನುಗಳಲ್ಲಿ ಯಾವುದಕ್ಕೆ ಎಣ್ಣೆ ಕಡಿಮೆಯಾಗಿದೆ ಎಂದು ಬರೀ ಕಿವಿಯಿಂದಲೇ ಹೇಳುತ್ತಿದ್ದೆ. ಇಂಥ ಮಾತನ್ನು ತಾನೇ ಹೇಳಿಕೊಳ್ಳಬಾರದು, ನಿಜ. ಆದರೆ ನಾನು ರಿಟೈರ್ ಆಗಿ ನಾಲ್ಕು ವರ್ಷವಾದರೂ ಬೇರೆ ಯಾರೂ ಹೇಳದಿರುವುದರಿಂದ ನಾನೇ ಹೇಳಬೇಕಾಗಿದೆ.

ರಿಟೈರ್ ಆದವನ ಕೈಗೆ ಕೆಲಸವಿಲ್ಲದಿದ್ದರೂ ಚಟ ಇರುತ್ತದೆ. ಕಣ್ಣಿಗೆ ಹಾಕುವ ಔಷಧದ ಖಾಲಿ ಬಾಟಲಿಯನ್ನು ತೊಳೆದು, ಅದರಲ್ಲಿ ಹೊಲಿಗೆ ಮಶೀನಿನ ಎಣ್ಣೆ ತುಂಬಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುತ್ತೇನೆ. ಹನಿಹನಿಯಾಗಿ ಬಿಡಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ನನ್ನ ಹೆಂಡತಿ ಗಿರಿಜಾಳಿಗೆ ಕಣ್ಣಿನ ಪೊರೆ ತೆಗೆಸಿದ ವಾರದಲ್ಲಿ ಈ ಬಾಟಲಿ ಆಕೆಯ ಔಷಧದ ಪಕ್ಕದಲ್ಲಿ ಕೂತಿತ್ತು, ಆಕೆ ತಲೆ ಹಿಂದಕ್ಕೆ ಚೆಲ್ಲಿ ರೆಪ್ಪೆ ಅಗಲಿಸಿ ಕೂತಾಗ ನಾನು ಹಾರಿಬಿದ್ದು ಕಸಿದುಕೊಂಡೆ. ಆವತ್ತಿನಿಂದ ನನ್ನ ಬಾಟಲಿಗೆ ಕೆಂಪು ದಾರ ಕಟ್ಟಿದೆ. ಅದನ್ನು ಹಿಡಿದು ನಾನು ಮಾಡಿದ ಪರೋಪಕಾರ ಒಂದೆರಡಲ್ಲ. ಪಕ್ಕದ ಮನೆಯ ಗೇಟು, ಬಟ್ಟೆ ಅಂಗಡಿಯ ಶಟರು, ಬೀಗರ ಮನೆಯ ತೂಗುಮಂಚ, ಎಲ್ಲಕ್ಕೂ ಹನಿ ಬಿಟ್ಟಿದ್ದೇನೆ. ಒಮ್ಮೆ ದೂರದ ನೆಂಟರೊಬ್ಬರು ತೀರಿಕೊಂಡಾಗ ಮಾತಾಡಿಸಿ ಬರಲು ಹೋಗಿದ್ದೆವು. ಬಂದವರು ಒಳಹೋಗಲು ಬಾಗಿಲು ತಳ್ಳಿದಾಗಲೆಲ್ಲ ಅದು ಒದರುತ್ತಿತ್ತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವ ಸಮಯ ನೋಡಿ ಮೆಲ್ಲಗೆ ಎದ್ದು ಮೂರೂ ಬಿಜಾಗರಿಗೆ ಎಣ್ಣೆ ಹಾಕಿ ಬಂದೆ. ಗಿರಿಜಾ ಮನೆಗೆ ಬಂದ ಮೇಲೆ, "ಸತ್ತೋರ ಮನ್ಯಾಗೂ ನಿಮಗ ಬಾಗಲಾನ ಕಾಣತೈತೇನ್ರಿ?" ಎಂದು ಕೇಳಿದಳು. ಕಾಣಲಿಲ್ಲ, ಕೇಳಿಸಿತು ಎಂದು ಹೇಳುವ ಧೈರ್ಯ ಆಗಲಿಲ್ಲ.

ಈಗ ನನ್ನ ಸೊಸೆ ಸುಮಂಗಲಾಳ ವಿಷಯಕ್ಕೆ ಬರುತ್ತೇನೆ. ಧಾರವಾಡದ ಹುಡುಗಿ, ಚಿತ್ರಕಲೆ ಓದಿದವಳು, ಮಾತು ಕಡಿಮೆ. ಗೋಕುಲ ರಸ್ತೆಯ ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡನ್ನು ಕೊಂಡು ಒಂದು ಟ್ರಸ್ಟಿನವರು ಅಲ್ಲಿ ಹೊಸ ಕಾಲದ ಕಲೆಯ ಮ್ಯೂಸಿಯಂ ತೆರೆದರು. ಮುಂಬೈ, ದಿಲ್ಲಿಯಲ್ಲಿ ಇರುವಂಥದ್ದು ನಮ್ಮ ಹುಬ್ಬಳ್ಳಿಗೂ ಬಂತು ಎಂದು ಎಲ್ಲರೂ ಹಿಗ್ಗಿದರು, ಒಳಗೆ ಹೋದವರು ಮಾತ್ರ ಕಡಿಮೆ. ಸುಮಂಗಲಾಳಿಗೆ ಅಲ್ಲಿ ಒಂದು ಹಾಲ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುವ ಮಾತಾಗಿತ್ತು. ಏನು ಕೆಲಸ ಎಂದು ನಾನು ಕೇಳಿದ್ದಕ್ಕೆ, ಸ್ಟೂಲ್ ಮೇಲೆ ಕೂತು ಕಲಾಕೃತಿ ಕಾಯುವುದು, ಬಂದವರಿಗೆ ತಿಳಿಸಿ ಹೇಳುವುದು ಎಂದಿದ್ದಳು. ಒಂದು ದಿನ ನನ್ನ ಚಿಕ್ಕಪ್ಪನ ಮಗ ಚಹಾಕ್ಕೆ ಬಂದವನು ಸೊಸೆಯ ಕೆಲಸದ ಬಗ್ಗೆ ವಿಚಾರಿಸಿದ. ನಾನು ದೊಡ್ಡ ಮನುಷ್ಯನ ಹಾಗೆ, "ಏನಿಲ್ಲೋ, ಮುಂಜಾನೆ ಹೋಗಿ ಸ್ಟೂಲ್ ಮ್ಯಾಲೆ ಕೂಡತಾಳ, ಸಂಜಿಮುಂದ ಎದ್ದು ಬರತಾಳ. ಅದೂ ಒಂದ್ ಕೆಲಸ!" ಎಂದು ನಕ್ಕೆ. ತಿರುಗಿ ನೋಡಿದರೆ ಸುಮಂಗಲಾ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಕಪ್ಪು ಇಟ್ಟು ಹೋದಳು. ಅವಳು ಎರಡು ಮಾತು ಬೈದಿದ್ದರೆ ನನ್ನ ಜೀವಕ್ಕೆ ಹಗುರವಾಗುತ್ತಿತ್ತು.

ಎರಡು ವಾರ ಬಿಟ್ಟು ಅವಳೇ ಕರೆದಳು. "ಮಾವಾರ, ಬರೂ ಶನಿವಾರ ನಮ್ಮ ಮ್ಯೂಸಿಯಂಗೆ ಬರ್ರಿ. ನಾ ಏನ್ ಮಾಡತೇನಿ ಅಂತ ಒಮ್ಮೆ ಕಣ್ಣಿಲೆ ನೋಡಿದಂಗ ಆಗತೈತಿ." ಆ ಶನಿವಾರವೇ ನಾಲ್ಕು ಗಂಟೆಗೆ ಅವಳು ಕಾಯುವ ಕಲಾಕೃತಿ ಮಾಡಿದ ಕಲಾವಿದೆ ಬರುವವರಿದ್ದರು, ಜೊತೆಗೆ ಟ್ರಸ್ಟಿನ ಹಿರಿಯರು. ಅದಾದ ಮೇಲೆ ಸುಮಂಗಲಾಳನ್ನು ಖಾಯಂ ಮಾಡುವುದೋ ಬಿಡುವುದೋ ತೀರ್ಮಾನ. ಇದೆಲ್ಲವನ್ನೂ ಗಿರಿಜಾ ನನಗೆ ಮೂರು ಸಲ ಹೇಳಿ, "ನೋಡ್ರಿ, ಅಲ್ಲಿ ಹೋಗಿ ಕೈ ಕಟಗೊಂಡು ನಿಂದರ್ರಿ. ಏನೂ ಮುಟ್ಟಬ್ಯಾಡ್ರಿ" ಎಂದು ತಾಕೀತು ಮಾಡಿ ಕಳಿಸಿದಳು. ನಾನು ತಪ್ಪಿತಸ್ಥ ಮನಸ್ಸಿನಿಂದಲೇ ಹೊರಟಿದ್ದೆ, ಅವಳ ಮಾತಿಗೆ ಎದುರಾಡಲಿಲ್ಲ.

ಬಾಗಿಲಲ್ಲಿ ಕಾವಲುಗಾರ ಕಿಸೆ ತಪಾಸಣೆ ಮಾಡಿದ. ಬಾಟಲಿ ಹೊರಗೆ ಬಂತು. "ಕಣ್ಣಿಗೇನ್ರಿ, ಅಜ್ಜಾರ?" ಎಂದ. ನಾನು ಹೂಂ ಎಂದೆ. ಕಾರಣವಿಲ್ಲದೆ ಒಂದು ಸುಳ್ಳು ಹೇಳಿಯೇ ಒಳಗೆ ಕಾಲಿಟ್ಟ ಹಾಗಾಯಿತು. ಮ್ಯೂಸಿಯಂ ಎಂದರೆ ಹಳೆಯ ಕತ್ತಿ, ತಾಮ್ರದ ನಾಣ್ಯ, ಮೂಗು ಮುರಿದ ಮೂರ್ತಿ ಎಂದು ತಿಳಿದಿದ್ದವನಿಗೆ ಇಲ್ಲಿ ಎಲ್ಲವೂ ಹೊಸದು. ಒಂದು ಕೋಣೆಯಲ್ಲಿ ಗೋಡೆಯಿಲ್ಲದ ಕಿಟಕಿಗಳನ್ನು ಛಾವಣಿಯಿಂದ ತೂಗುಬಿಟ್ಟಿದ್ದರು. ಇನ್ನೊಂದರಲ್ಲಿ ಬಿಳಿ ಗೋಡೆಯ ಮೇಲೆ ಪೂರಾ ಬಿಳಿಯದೇ ಒಂದು ಚಿತ್ರ. ದೂರದಿಂದ ನೋಡಿದೆ, ಹತ್ತಿರದಿಂದ ನೋಡಿದೆ, ಕನ್ನಡಕ ತೆಗೆದು ನೋಡಿದೆ. ತೆಗೆದಾಗಲೇ ಸ್ವಲ್ಪ ಏನೋ ಕಂಡ ಹಾಗಾಯಿತು. ಸುಮಂಗಲಾ ಪಕ್ಕದಲ್ಲಿದ್ದಳು. ಬಾಯಿ ತಪ್ಪಿ ಏನಾದರೂ ಅಂದುಬಿಟ್ಟೇನು ಎಂದು ಎಲ್ಲದಕ್ಕೂ "ಛಲೋ ಐತಿ" ಎನ್ನುತ್ತ ಸಾಗಿದೆ. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಛಲೋ ಐತಿ ಎಂದೆ. ಅವಳು ನಗಲಿಲ್ಲ, ಅವಳ ಕಣ್ಣು ಗಡಿಯಾರದ ಮೇಲಿತ್ತು.

ಅಷ್ಟರಲ್ಲಿ ಕೇಳಿಸಿತು. ಕಿರ್ರ್... ಸ್ವಲ್ಪ ಬಿಟ್ಟು ಮತ್ತೆ ಕಿರ್ರ್. ನನ್ನ ಕುತ್ತಿಗೆಯ ನರ ಬಿಗಿದುಕೊಂಡಿತು. ಆ ದನಿ ಬರುತ್ತಿದ್ದದ್ದು ಸುಮಂಗಲಾಳ ಹಾಲಿನಿಂದಲೇ. ದೊಡ್ಡ ಖಾಲಿ ಹಾಲಿನ ನಡುವೆ, ಒಂದೇ ಒಂದು ದೀಪದ ಕೆಳಗೆ, ಸಣ್ಣದೊಂದು ಶೇಪರ್ ಓಡುತ್ತಿತ್ತು. ಬಡಿಗ ಮರಕ್ಕೆ ರಂದಾ ಹೊಡೆಯುವ ಹಾಗೆ ಕಬ್ಬಿಣಕ್ಕೆ ರಂದಾ ಹೊಡೆಯುವ ಮಶೀನು ಅದು. ಅದರ ತಲೆ ನಿಧಾನ ಮುಂದೆ ಹೋಗಿ, ಲಗುಬಗೆಯಿಂದ ಹಿಂದೆ ಬರುತ್ತದೆ. ಇಂಥದ್ದರ ಜೊತೆ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಇಲ್ಲಿ ಅದು ಏನನ್ನೂ ಕೊರೆಯುತ್ತಿರಲಿಲ್ಲ, ಸುಮ್ಮನೆ ಹೋಗಿ ಬಂದು ಮಾಡುತ್ತ ಒದರುತ್ತಿತ್ತು. ಗೋಡೆಯ ಮೇಲಿನ ಫಲಕದಲ್ಲಿ ದುಡಿಮೆ, ದೇಹ, ಮೌನ, ನೆನಪು ಎಂದೆಲ್ಲ ಬರೆದಿತ್ತು. ಒಂದೊಂದು ಶಬ್ದವೂ ನನಗೆ ಗೊತ್ತಿರುವುದೇ, ಕೂಡಿಸಿದಾಗ ಮಾತ್ರ ಕೈಗೆ ಸಿಗಲಿಲ್ಲ. "ಈ ದನೀನ ಇದರ ಜೀವಾರಿ, ಮಾವಾರ" ಎಂದಳು ಸುಮಂಗಲಾ, ನನ್ನ ಮುಖ ನೋಡುತ್ತ. ನಾನು ತಲೆಯಾಡಿಸಿದೆ. ಒಳಗೊಳಗೆ ನಾನು ತಿಳಿದದ್ದು ಬೇರೆ. ಪಾಪ, ಗುಜರಿಯಿಂದ ತಂದಿದ್ದಾರೆ, ಎಣ್ಣೆ ಹಾಕುವವರು ಗೊತ್ತಿಲ್ಲ, ಒದರುವುದನ್ನು ನಿಲ್ಲಿಸಲಾಗದೆ ಅದಕ್ಕೊಂದು ಅರ್ಥ ಕಟ್ಟಿ ಫಲಕ ಬರೆಸಿದ್ದಾರೆ, ಇಷ್ಟೇ. ದನಿ ಎಲ್ಲಿಂದ ಬರುತ್ತದೆ ಎಂಬುದೂ ನನಗೆ ಎರಡನೆಯ ಏಟಿಗೇ ಗೊತ್ತಾಗಿತ್ತು. ಒಳಗಿನ ತೋಳನ್ನು ಹಿಡಿದಿಟ್ಟ ಪಿನ್ನು. ನಾಲ್ಕು ಹನಿಯ ಕೆಲಸ.

ಹಾಗೆ ಕೈ ಕಟ್ಟಿಕೊಂಡು ಇಪ್ಪತ್ತು ನಿಮಿಷ ನಿಂತೆ. ಬೆವರಿಳಿಯಿತು. ದೇವರಾಣೆಗೂ ನಾನು ಹಾಗೆಯೇ ನಿಂತಿರುತ್ತಿದ್ದೆ. ಆದರೆ ಪಕ್ಕದ ಕೋಣೆಯಿಂದ ಶಾಲೆಯ ಮಕ್ಕಳ ಗದ್ದಲ ಕೇಳಿಸಿತು. ಯಾವುದೋ ಹುಡುಗಿ ತೂಗುಬಿಟ್ಟ ಕಿಟಕಿಗೆ ಜೋತುಬಿದ್ದಿದ್ದಾಳೆ ಎಂದು ಯಾರೋ ಕೂಗಿದರು. ಸುಮಂಗಲಾ ಗಾಬರಿಯಿಂದ ಎದ್ದಳು. "ಮಾವಾರ, ಎರಡ ನಿಮಿಷ ಇಲ್ಲೇ ಇರ್ರಿ. ಯಾರೂ ಇದನ್ನ ಮುಟ್ಟದಂಗ ನೋಡಕೋರಿ" ಎಂದು ಹಾಲನ್ನು ನನ್ನ ಕೈಗೆ ಒಪ್ಪಿಸಿ ಓಡಿದಳು. ಯಾರೂ ಎಂದರೆ ಅದರಲ್ಲಿ ನಾನೂ ಸೇರುತ್ತೇನೆ ಎಂಬುದು ನನಗೆ ಆಗ ಹೊಳೆಯಲಿಲ್ಲ ಎಂದು ಹೇಳಿದರೆ ಅದು ಆ ದಿನದ ಎರಡನೆಯ ಸುಳ್ಳಾಗುತ್ತದೆ. ಹೊಳೆಯಿತು. ಆದರೂ ಕಾಲು ನೆಲದ ಹಳದಿ ಗೆರೆ ದಾಟಿತ್ತು. ಎಣ್ಣೆ ಬಿಡುವ ತೂತನ್ನು ಯಾರೋ ಮೇಣದಿಂದ ಮುಚ್ಚಿದ್ದರು. ಎಂಥ ಸೋಮಾರಿಗಳು ಎಂದು ಬೈದುಕೊಂಡು ಉಗುರಿನಿಂದ ಕೆರೆದು ತೆಗೆದೆ. ಒಂದು, ಎರಡು, ಮೂರು, ನಾಲ್ಕು. ತಲೆ ಮುಂದೆ ಹೋಯಿತು, ಹಿಂದೆ ಬಂತು. ಇನ್ನೊಮ್ಮೆ ಹೋಗಿ ಬರುವಷ್ಟರಲ್ಲಿ ಕೀರಲು ನಿಂತೇ ಹೋಯಿತು. ಇಂಥ ನೆಮ್ಮದಿ ನನಗೆ ರಿಟೈರ್ ಆದ ಮೇಲೆ ಸಿಕ್ಕೇ ಇರಲಿಲ್ಲ.

ಸುಮಂಗಲಾ ಬಾಗಿಲಿಗೆ ಬಂದವಳು ಅಲ್ಲಿಯೇ ನಿಂತಳು. ಮಶೀನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಿವಿಗೊಟ್ಟು ಕೇಳಿದಳು. "ಏನ್ ಮಾಡಿದ್ರಿ, ಮಾವಾರ?" ಎಂದಳು, ದನಿ ಏರಿಸದೆ. "ಒಂದ್ ನಾಕ ಹನಿ ಎಣ್ಣಿ ಅಷ್ಟವಾ. ಈಗ ನೋಡು, ಹೆಂಗ ಬೆಣ್ಣಿಯಂಗ ಓಡಾಕತ್ತೈತಿ" ಎಂದೆ. ಆಗ ಅವಳು ಬಿಡಿಸಿ ಹೇಳಿದಳು. ಕಲಾವಿದೆ ಆ ಮಶೀನಿನ ಮುಂದೆ ಎಂಟು ದಿನ ಕೂತು, ಅಂಗುಲ ಅಂಗುಲ ಸರಿಪಡಿಸಿ ಆ ಕೀರಲನ್ನು ತಂದಿದ್ದರಂತೆ. ಮೇಣ ಹಚ್ಚಿದ್ದೂ ಅವರೇ, ಯಾರೂ ಎಣ್ಣೆ ಬಿಡದಿರಲಿ ಎಂದು. ಗಡಿಯಾರದಲ್ಲಿ ಮೂರೂ ಹತ್ತು. ಆ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ನನಗೆ ನನ್ನ ಕೈ ಕಡಿದುಕೊಳ್ಳುವಷ್ಟು ನಾಚಿಕೆಯಾಯಿತು.

"ನಾ ಕೆಡಿಸೇನಿ, ನಾನ ಸರಿ ಮಾಡತೇನಿ" ಎಂದೆ. ಅಂದ ಮೇಲೆ ಗೊತ್ತಾಯಿತು, ನಾನು ಮಾಡಬೇಕಾದದ್ದು ಅದರ ತಿರುವು ಮುರುವು ಎಂದು. ಸರಿ ಮಾಡಿದ್ದನ್ನು ಕೆಡಿಸಬೇಕಿತ್ತು. ಮೂವತ್ತೈದು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸ. ಸುಮಂಗಲಾ ಹಾಲಿನ ಬಾಗಿಲು ಹಾಕಿದಳು, ಸ್ವಿಚ್ ಆರಿಸಿದಳು, ಮ್ಯೂಸಿಯಮ್ಮಿನ ಬಡಿಗನ ಕೋಣೆಯಿಂದ ಸುತ್ತಿಗೆ, ಉಳಿ, ಥಿನ್ನರ್, ಹಳೆ ಬಟ್ಟೆ ತಂದಳು. ನಾನು ನೆಲದ ಮೇಲೆ ಕೂತು ಪಿನ್ನು ಬಿಚ್ಚಿ, ಎಣ್ಣೆಯನ್ನು ತೊಳೆದು, ಒರೆಸಿ, ಊದಿ ಒಣಗಿಸಿ ಮತ್ತೆ ಕೂಡಿಸಿದೆ. ಸ್ವಿಚ್ ಹಾಕಿದರೆ ಚಕಾರವಿಲ್ಲ. ನಾನು ಹಾಕಿದ ಎಣ್ಣೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಎರಡನೆಯ ಸಲ ಬಿಚ್ಚಿದಾಗ ಮೂರೂವರೆ ದಾಟಿತ್ತು. ಇಟ್ಟಿಗೆ ಪುಡಿ ಹಾಕಿದರೆ ಒದರುವುದು ಖಂಡಿತ, ಆದರೆ ಪಿನ್ನು ತಿಂದುಹೋಗುತ್ತದೆ, ಆ ಪಾಪ ನನ್ನಿಂದಾಗದು. ಕಡೆಗೆ ಮಕ್ಕಳು ಚಿತ್ರ ಬಿಡಿಸುವ ಕೋಣೆಯಿಂದ ಸೀಮೆಸುಣ್ಣ ತರಿಸಿ ತೇಯ್ದು ಹಚ್ಚಿದೆ. ಮಶೀನು ಒದರಿತು. ಇಷ್ಟು ದಿನ ಯಾವ ದನಿ ಕೇಳಿ ಓಡಿಹೋಗುತ್ತಿದ್ದೆನೋ ಅದನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

"ಇದಲ್ರಿ, ಮಾವಾರ" ಎಂದಳು ಸುಮಂಗಲಾ. "ಕೀರಲು ಅಂದ ಮ್ಯಾಲೆ ಕೀರಲನವಾ, ಅದರಾಗೇನು ಜಾತಿ?" ಎಂದೆ ತಾಳ್ಮೆಗೆಟ್ಟು. ಅವಳು ಸ್ಟೂಲ್ ಮೇಲೆ ಕೂತಳು, ಕಣ್ಣು ಮುಚ್ಚಿದಳು. "ಇದು ಸಿಟ್ಟಿಲೆ ಒದರಿದಂಗ ಐತ್ರಿ. ಮೊದಲಿಂದು ಹಂಗಿರಲಿಲ್ಲ. ಮುಂದ ಹೋಗೂಮುಂದ ಬರೇ ಉಸರು ಎಳಕೋತಿತ್ತು. ತಿರುಗಿ ಬರೂಮುಂದ ಅಷ್ಟ ದನಿ ತಗೀತಿತ್ತು. ಅದೂ ಕಡೀಕ ಸ್ವಲ್ಪ ಇಳೀತಿತ್ರಿ." ನಾನು ಸುತ್ತಿಗೆ ಕೆಳಗಿಟ್ಟೆ. ನಾನೂ ಇಪ್ಪತ್ತು ನಿಮಿಷ ಅದೇ ದನಿಯನ್ನು ಕೇಳಿದ್ದೆ, ಆದರೆ ನನಗೆ ಕೇಳಿಸಿದ್ದು ರೋಗ ಒಂದೇ. ಸ್ಟೂಲ್ ಮೇಲೆ ಕೂತು ಬರುತ್ತಾಳೆ ಎಂದು ನಾನು ನಕ್ಕ ಹುಡುಗಿಗೆ ಅದರ ಉಸಿರು ಕೂಡ ಬಾಯಿಪಾಠವಾಗಿತ್ತು. ಅವಳ ಮಾತಿನ ಎಳೆ ಹಿಡಿದೇ ನನಗೆ ವಿಷಯ ಹೊಳೆಯಿತು. ಮುಂದೆ ಹೋಗುವಾಗ ಪಿನ್ನಿನ ಒಂದು ಮಗ್ಗುಲಿಗೆ ಭಾರ, ಬರುವಾಗ ಇನ್ನೊಂದು ಮಗ್ಗುಲಿಗೆ. ಕಲಾವಿದೆ ಒಂದೇ ಮಗ್ಗುಲನ್ನು ಒಣಗಿಸಿದ್ದಾರೆ! ಎಣ್ಣೆ ಹಾಕಲು ಗೊತ್ತಿಲ್ಲದವರು ಎಂದು ನಾನು ತಿಳಿದಿದ್ದ ಆ ಹೆಣ್ಣುಮಗಳು ನನಗಿಂತ ಘಾಟಿ ಫಿಟ್ಟರ್. ಬಿಚ್ಚಿದೆ, ಒಂದು ಮಗ್ಗುಲಿಗೆ ಮಾತ್ರ ಸೀಮೆಸುಣ್ಣ ಹಚ್ಚಿದೆ, ಇನ್ನೊಂದಕ್ಕೆ ಎಣ್ಣೆಯ ಕೈ ತೋರಿಸಿದೆ, ಕೆರೆದು ತೆಗೆದಿದ್ದ ಮೇಣದಿಂದಲೇ ತೂತು ಮುಚ್ಚಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅದು ಉಸಿರೆಳೆದುಕೊಂಡು ಹೋಗಿ ಅಳುತ್ತ ಬಂತು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ನಾನು ಹಣೆ ಒರೆಸಿಕೊಂಡು, "ಗೆದ್ದಿವಿ ನೋಡವಾ" ಎಂದೆ. ಸುಮಂಗಲಾ, "ಮೇಡಂಗೆ ಹೇಳತೇನ್ರಿ" ಎಂದಳು. "ಬ್ಯಾಡವಾ, ಕೈ ಮುಗೀತೇನಿ. ದನಿ ಬಂದೈತಿ. ಯಾರಿಗೂ ಗೊತ್ತಾಗಂಗಿಲ್ಲ." ಅವಳು ಸೆರಗು ಸರಿಮಾಡಿಕೊಂಡು, "ನನಗ ಗೊತ್ತೈತಲ್ರಿ, ಮಾವಾರ" ಎಂದು ಬಾಗಿಲು ತೆರೆದಳು.

ಕಲಾವಿದೆ ನಲವತ್ತರ ಆಸುಪಾಸಿನವರು, ನಮ್ಮ ಗದಗ ಕಡೆಯವರೇ. ಹಿಂದೆ ಟ್ರಸ್ಟಿನ ಹಿರಿಯರು, ಇನ್ನೂ ನಾಲ್ಕು ಜನ. ಸುಮಂಗಲಾ ನೇರವಾಗಿ ಹೇಳಿದಳು. "ಮೇಡಂ, ಮೂರರ ಸುಮಾರಿಗೆ ಇದಕ್ಕ ಎಣ್ಣಿ ಬಿತ್ರಿ. ನಾ ಹಾಲ್ ಬಿಟ್ಟು ಬಾಜೂ ಕ್ವಾಣಿಗೆ ಹೋಗಿದ್ದೆ. ತಪ್ಪು ನಂದ್ರಿ." ನನ್ನ ಹೆಸರು ಎತ್ತಲಿಲ್ಲ. ಟ್ರಸ್ಟಿನ ಹಿರಿಯರ ಹುಬ್ಬು ಗಂಟಿಕ್ಕಿತು. ಮಶೀನು ಎರಡು ಸಲ ಹೋಗಿ ಬರುವಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಆ ಎರಡು ಸಲವನ್ನು ನೆನೆದರೆ ಈಗಲೂ ತಲೆ ತಗ್ಗಿಸುತ್ತೇನೆ. ಆಮೇಲೆ ಮುಂದೆ ಬಂದು, "ಎಣ್ಣಿ ತಾನ ಬಿದ್ದಿಲ್ರಿ, ನಾ ಹಾಕೇನಿ. ನಾ ಈಕಿ ಮಾವ" ಎಂದೆ. ಕಲಾವಿದೆ ನೆಲಕ್ಕೆ ಮೊಣಕಾಲೂರಿ ಕೂತು ಮೇಣ ಮುಟ್ಟಿ ನೋಡಿದರು. "ಇದನ್ನ ಕೂಡಿಸಾಕ ನನಗ ಎಂಟು ದಿನ ಹಿಡದಿತ್ರಿ" ಎಂದರು, ಸಿಟ್ಟು ನುಂಗಿಕೊಂಡು. "ಗೊತ್ತಾತ್ರಿ, ಒಂದ ಮಗ್ಗಲಾ ಒಣಗಿಸಿದ್ರಿ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ, ಸುಮಂಗಲಾಳ ಕಡೆ ತಿರುಗಿದರು. "ಮೊದಲಿನಂಗ ಐತೇನವಾ? ನನಗಿಂತ ನೀ ಹೆಚ್ಚು ಕೇಳಿದಾಕಿ."

ಹೌದು ಎಂದುಬಿಡು ತಾಯಿ ಎಂದು ನಾನು ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಒಂದು 'ಹೌದು' ಎಂದರೆ ಎಲ್ಲ ಮುಗಿಯುತ್ತಿತ್ತು. ಅವಳು ಸಾವಕಾಶ ಕೇಳಿದಳು, ಮಶೀನು ಐದಾರು ಸಲ ಹೋಗಿ ಬರುವವರೆಗೂ. "ಇಲ್ರಿ, ಮೇಡಂ" ಎಂದಳು. "ಇನ್ನೂ ಒಂದೀಟು ಛಲೋನ ಐತ್ರಿ. ಮೊದಲ ಇದು ಪೂರಾ ದಣದಿತ್ತು. ಈಗ ಯಾರೋ ಆರೈಕಿ ಮಾಡಿದ್ದು ಗೊತ್ತಾಗತೈತಿ. ಮಾವಾರಿಗೆ ಇದಕ್ಕಿಂತ ಹೆಚ್ಚ ಕೆಡಸಾಕ ಬರವಲ್ದರಿ." ಕಲಾವಿದೆ ತಲೆ ವಾರೆ ಮಾಡಿ ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಟ್ರಸ್ಟಿನ ಹಿರಿಯರಿಗೆ, "ಈಕಿನ್ನ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿ, ನನ್ನ ಮುಂದೆ ಕೈ ಚಾಚಿದರು. ನಮಸ್ಕಾರಕ್ಕೆಂದು ನಾನೂ ಕೈ ಜೋಡಿಸಿದೆ. ಅವರಿಗೆ ಬೇಕಾಗಿದ್ದದ್ದು ಬಾಟಲಿ. ಕೊಟ್ಟೆ.

ಮರಳಿ ಬರುವಾಗ ಬಸ್ಸಿನಲ್ಲಿ, "ನಿನ್ನ ಕೆಲಸದ ಬಗ್ಗೆ ಹಂಗ ಅನಬಾರದಿತ್ತು, ತಪ್ಪಾತವಾ" ಎಂದು ಹೇಳಿದೆ. ಸುಮಂಗಲಾ ಕಿಟಕಿಯ ಹೊರಗೆ ನೋಡುತ್ತ, "ಇರಲಿ ಬಿಡ್ರಿ. ಸೋಮವಾರ ಮ್ಯೂಸಿಯಂ ಸೂಟಿ ಇರತೈತಿ, ಮುಂಜಾನೆ ಹತ್ತಕ್ಕ ಬರ್ರಿ. ಅದನ್ನ ಪೂರಾ ಕೆಡಿಸಬೇಕು" ಎಂದಳು. ಈಗ ಮೂರು ಸೋಮವಾರ ಆಗಿವೆ. ಅವಳು ಕೂತು ಕೇಳುತ್ತಾಳೆ, ನಾನು ನೆಲದ ಮೇಲೆ ಕೂತು ಬಿಚ್ಚುತ್ತೇನೆ, ಕೂಡಿಸುತ್ತೇನೆ. ಪ್ರತಿ ಸಲವೂ "ಇನ್ನೂ ಛಲೋ ಐತ್ರಿ, ಮಾವಾರ" ಎಂದು ತಿರಸ್ಕರಿಸುತ್ತಾಳೆ. ನನ್ನ ಕೆಲಸ ಸರಿಯಿಲ್ಲ ಎಂದು ಇಡೀ ನೌಕರಿಯಲ್ಲಿ ಒಬ್ಬ ಮಾಲೀಕನೂ ಅಂದವನಲ್ಲ, ಆದರೂ ಇವಳು ಅಂದಾಗ ನನಗೆ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಗುತ್ತದೆ. ಮೊನ್ನೆ ಹೊರಟು ನಿಂತಾಗ ಗಿರಿಜಾ, ವಾರವಾರ ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು. ಕೆಡಿಸುವುದನ್ನು ಕಲಿಯುತ್ತಿದ್ದೇನೆ, ಇನ್ನೂ ಕೈ ಕೂಡಿಲ್ಲ ಎಂದೆ. ಆಕೆ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು, ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ನಕ್ಕಳು. "ನಿಮಗ?" ಎಂದಳು. "ಕೆಡಸಾಕ ನಿಮಗ ಒಬ್ಬರು ಕಲಿಸಬೇಕೇನ್ರಿ?"